ಹತ್ತು ಇಂಚು, ಹತ್ತು ಅಡಿ

(ಕೋಲಾರದ ಒಂದು ಮಹಿಳಾ ಕಾಲೇಜಿನಲ್ಲಿ ಹೊಲಿಗೆ ಮತ್ತು ಚಿತ್ರಕಲೆ ಕಲಿಯುವ ಹುಡುಗಿಯರ ಮುಂದೆ ಆಡಿದ ಮಾತು. ಅವತ್ತು ಗೋಡೆ ಮೇಲೆ ಕೌದಿ ತೂಗುಹಾಕಿದ್ದೆವು. ಓದುವವರಿಗೆ ಅದು ಕಾಣುವುದಿಲ್ಲ, ಹಾಗಾಗಿ ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಜಾಸ್ತಿ ವಿವರಿಸಿದ್ದೇನೆ.)

ನೀವು ನನ್ನನ್ನು ಕರೆಸಿದ್ದು ಈ ಗೋಡೆ ಮೇಲಿರುವ ಕೌದಿ ನೋಡಿ. ನಾನು ಮಾತಾಡಬೇಕು ಅಂದುಕೊಂಡಿರುವುದು ಇಲ್ಲಿಗೆ ತರದೇ ಇರುವ ಇನ್ನೊಂದು ಕೌದಿಯ ಬಗ್ಗೆ. ಅದು ಕೆಟ್ಟುಹೋಯಿತು. ಸುಮ್ನೆ ಕೆಡಲಿಲ್ಲ, ಐದು ತಿಂಗಳು ರಾತ್ರಿ ನಿದ್ದೆಗೆಟ್ಟು ಕೆಡಿಸಿದ್ದು.

ನಾನು ಇಪ್ಪತ್ತೆಂಟು ವರ್ಷದಿಂದ ಈ ಊರಿನಲ್ಲಿ ಬ್ಲೌಸ್ ಹೊಲಿಯುತ್ತಿದ್ದೇನೆ. ಇಲ್ಲಿ ಕೂತಿರುವ ಕೆಲವರ ಅಮ್ಮಂದಿರ ಅಳತೆ ನನ್ನ ನೋಟ್‌ಬುಕ್ಕಿನಲ್ಲಿ ಇರಬಹುದು. ಹೆದರಬೇಡಿ, ಹೇಳುವುದಿಲ್ಲ. ಚಿತ್ರಕಲೆ ನಾನು ಕಲಿತಿಲ್ಲ. ಆದರೆ ಅಂಗಡಿಯಲ್ಲಿ ಚೂರು ಬಟ್ಟೆ ಮೂಟೆಗಟ್ಟಲೆ ಬೀಳುತ್ತದೆ. ರೇಷ್ಮೆ ಸೀರೆಯ ಬ್ಲೌಸ್ ಪೀಸಿನಲ್ಲಿ ಉಳಿದದ್ದು, ಲೈನಿಂಗ್ ಬಟ್ಟೆ, ಸೆರಗಿನ ತುದಿ. ಎಸೆಯಲು ಮನಸ್ಸು ಬರುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಕೌದಿ ಅನ್ನುವ ಮಾತು ಇರಲಿಲ್ಲ. ಅಜ್ಜಿ ತೆಲುಗಿನಲ್ಲಿ ಬೊಂತ ಅನ್ನುತ್ತಿದ್ದಳು. ಕೋಲಾರದ ಮನೆಗಳು ಗೊತ್ತಲ್ವಾ, ಮುದ್ದು ಮಾಡೋದು ಒಂದು ಭಾಷೆ, ಬೈಯೋದು ಇನ್ನೊಂದು ಭಾಷೆ. ಹಳೇ ಸೀರೆ ನಾಲ್ಕೈದು ಪದರ ಮಡಚಿ, ಮೇಲೆ ಹರಿದ ಅಂಗಿ, ಲಂಗದ ತುಂಡು ಕೂರಿಸಿ, ದಪ್ಪ ಸೂಜಿಯಲ್ಲಿ ಸಾಲು ಸಾಲಾಗಿ ಹೊಲಿಯುತ್ತಿದ್ದಳು. ನಡುವಿಗೆ ಯಾವಾಗಲೂ ತಾತನ ಹಳೇ ಪಂಚೆಯ ಒಂದು ದೊಡ್ಡ ಬಿಳಿ ಚೌಕ. ಸುತ್ತ ಗಾಢ ಬಣ್ಣ. ಒಗೆದು ಕಾಂಪೌಂಡ್ ಮೇಲೆ ಒಣಗಲು ಹಾಕಿದರೆ, ಸ್ಕೂಲಿಂದ ಬರುವಾಗ ಬೀದಿಯ ಆ ತುದಿಯಿಂದಲೇ ಅದು ನಮ್ಮನೆ ಬೊಂತ ಅಂತ ಗೊತ್ತಾಗುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ. ನನಗೆ ನೆನಪಾಗುವಷ್ಟರಲ್ಲಿ ತಡವಾಗಿತ್ತು.

ಕೌದಿ ಅಂದರೆ ಏನು? ಮೂರು ಪದರ. ಮೇಲೆ ತೇಪೆ, ನಡುವೆ ಹತ್ತಿ ಅಥವಾ ಹಳೇ ಬಟ್ಟೆ, ಕೆಳಗೆ ಅಸ್ತರು. ಮೂರನ್ನೂ ಹಿಡಿದಿಡುವ ಹೊಲಿಗೆ. ಅಷ್ಟೇ. ಹಾಸುವುದಕ್ಕೂ ಅಲ್ಲ, ಹೊದೆಯುವುದಕ್ಕೂ ಅಲ್ಲ, ಗೋಡೆಗೆ ಹಾಕಿ ನೋಡುವುದಕ್ಕೆ ಅಂತಲೇ ಮಾಡಿದರೆ ಅದನ್ನು ಆರ್ಟ್ ಕ್ವಿಲ್ಟ್ ಅನ್ನುತ್ತಾರೆ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಹಳೇ ಅಮೆರಿಕನ್ ಕೌದಿಗಳನ್ನು ಹಾಸಿಗೆಯಿಂದ ಎತ್ತಿ, ಪೇಂಟಿಂಗ್ ತರಹ ಗೋಡೆಗೆ ಹಾಕಿದರು. ಬಟ್ಟೆ ಅದೇ, ಹೊಲಿಗೆ ಅದೇ. ನೋಡುವವರು ನಿಂತ ಜಾಗ ಮಾತ್ರ ಬೇರೆ. 2002ರಲ್ಲಿ ಅಲಬಾಮಾದ ಜೀಸ್ ಬೆಂಡ್ ಅನ್ನುವ ಪುಟ್ಟ ಊರಿನ ಕಪ್ಪು ಹೆಂಗಸರ ಕೌದಿಗಳು ಅದೇ ಮ್ಯೂಸಿಯಂಗೆ ಬಂದವು. ಹೊಲದಲ್ಲಿ ದುಡಿದು ಸವೆದ ಪ್ಯಾಂಟು, ಅಂಗಿಗಳಿಂದ ಚಳಿಗೆ ಅಂತ ಮಾಡಿದವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರ ಹಾಕಿ ಸ್ಟ್ಯಾಂಪು ತಂದಿತು. ಅವುಗಳ ಫೋಟೊ ಫೋನಿನಲ್ಲಿ ನೋಡಿದಾಗ ನನಗೆ ಅನಿಸಿದ್ದು ಒಂದೇ. ಅಯ್ಯೋ, ಇದು ಅಜ್ಜಿ ಮಾಡುತ್ತಿದ್ದದ್ದಲ್ವಾ?

ಆ ಹುರುಪಿನಲ್ಲಿ ಶುರು ಮಾಡಿದೆ. ತಪ್ಪಾಗಿದ್ದು ಅಲ್ಲೇ. ಅಜ್ಜಿಯ ಬೊಂತದ ತರಹ ಮಾಡಲಿಲ್ಲ. ಕಲೆ ಅಂದಮೇಲೆ ಏನಾದರೂ ಹೇಳಬೇಕು ಅಂದುಕೊಂಡು 'ನಮ್ಮ ಕೋಲಾರ' ಅಂತ ಹೆಸರಿಟ್ಟೆ. ಆರು ಅಡಿ ಅಗಲ, ಐದು ಅಡಿ ಎತ್ತರ. ಎಡಕ್ಕೆ ಅಂತರಗಂಗೆ ಬೆಟ್ಟ, ಅದರ ಕೆಳಗೆ ಕೋಲಾರಮ್ಮನ ಗುಡಿ. ಬಲಕ್ಕೆ ಕೆಜಿಎಫ್ ಗಣಿಯ ಗೋಪುರ, ಪಕ್ಕದಲ್ಲಿ ಸೈನೈಡ್ ದಿಬ್ಬ, ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡ. ನಡುವೆ ಟೊಮೆಟೊ ಕ್ರೇಟು. ಶ್ರೀನಿವಾಸಪುರದ ಮಾವು ಬಿಟ್ಟರೆ ಅಲ್ಲಿಯ ಗಿರಾಕಿಗಳು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಅದೂ ಬಂತು. ರೇಷ್ಮೆ ಗೂಡು ಬಂತು. ಹಸು ಬಂತು. ಕೆರೆ ಕೂಡ ಇತ್ತು, ಮೂಲೆಯಲ್ಲಿ, ಹಸುವಿನ ಕಾಲ ಬಳಿ ಅಂಗೈಯಷ್ಟು. ಈಗ ಹೇಳುವಾಗ ನಗು ಬರುತ್ತದೆ. ಅದು ಕೌದಿ ಅಲ್ಲ, ಗಣರಾಜ್ಯೋತ್ಸವದ ಸ್ತಬ್ಧಚಿತ್ರ. ಟ್ರ್ಯಾಕ್ಟರ್ ಒಂದು ಇರಲಿಲ್ಲ ಅಷ್ಟೇ.

ಹೊಲಿಗೆ ಮಾತ್ರ, ನಾನೇ ಹೇಳಬೇಕು, ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಒಂದೊಂದು ಟೊಮೆಟೊಗೂ ಮೂರು ಕೆಂಪು. ಅಂಚನ್ನು ಒಳಕ್ಕೆ ಮಡಚಿ, ದಾರ ಕಾಣದ ಹಾಗೆ ಕೈಹೊಲಿಗೆ. ಮಾವಿನ ತೊಟ್ಟು ಕೂಡ ಹೊಲಿದಿದ್ದೆ.

ಮುಗಿಸಿ ಅಂಗಡಿಯ ಒಳಗೋಡೆಗೆ ಮೊಳೆ ಹೊಡೆದು ಹಾಕಿದೆ. ಹತ್ತಿರ ನಿಂತು ನೋಡಿ ಖುಷಿಪಟ್ಟೆ. ಅಷ್ಟರಲ್ಲಿ ಟೀ ಕೊಡುವ ಹುಡುಗ ಬಂದ. ಅವನು ಒಳಗೆ ಬರುವುದಿಲ್ಲ, ಬಾಗಿಲಲ್ಲೇ ಲೋಟ ಇಟ್ಟು ಹೋಗುವವನು. ಗೋಡೆ ಕಡೆ ನೋಡಿ ಕೇಳಿದ, "ಅಕ್ಕ, ಈ ಮಿಲಿಟ್ರಿ ಬಟ್ಟೆಯಲ್ಲಿ ಏನ್ ಹೊಲೀತೀರ?"

ನನಗೆ ಸಿಟ್ಟು ಬಂತು. ಟೀ ಕುಡಿಯಲಿಲ್ಲ. ಅವನು ಹೋದಮೇಲೆ ಅವನು ನಿಂತಿದ್ದ ಜಾಗದಲ್ಲೇ ಹೋಗಿ ನಿಂತೆ. ಆಮೇಲೆ ರಸ್ತೆಗೆ ಇಳಿದೆ. ಎದುರುಗಡೆಯ ಜೆರಾಕ್ಸ್ ಅಂಗಡಿ ಮುಂದೆ ನಿಂತು ನೋಡಿದೆ. ಅವನು ಹೇಳಿದ್ದು ಸರಿ. ಬೆಟ್ಟ ಇಲ್ಲ, ಗುಡಿ ಇಲ್ಲ, ಟೊಮೆಟೊ ಇಲ್ಲ. ಕಂದು, ಹಸಿರು, ಕೆಂಪು ಕಲಸಿದ ಒಂದು ಪಟ್ಟೆ.

ಬ್ಲೌಸ್ ಹೊಲಿಯುವವರು ಇಡೀ ಜೀವನ ಹತ್ತು ಇಂಚಿನಿಂದ ನೋಡುತ್ತಾರೆ. ಸೂಜಿ ಎಲ್ಲಿ ಇಳಿಯುತ್ತದೆ, ಕಣ್ಣು ಅಲ್ಲಿ. ಗೋಡೆ ಮೇಲಿನದನ್ನು ಜನ ಹತ್ತು ಅಡಿಯಿಂದ ನೋಡುತ್ತಾರೆ. ಐದು ತಿಂಗಳಲ್ಲಿ ಒಂದು ದಿನ ಕೂಡ ನಾನು ಎದ್ದು ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿರಲಿಲ್ಲ.

ಏನು ಕೆಟ್ಟಿತ್ತು ಅಂತ ಆಮೇಲೆ ಒಂದೊಂದಾಗಿ ಗೊತ್ತಾಯಿತು. ಚಿತ್ರಕಲೆ ಹುಡುಗಿಯರಿಗೆ ಮೊದಲನೆಯದು ಗೊತ್ತಿರುತ್ತದೆ, ಹೊಲಿಗೆಯವರು ಕೇಳಿಸಿಕೊಳ್ಳಿ. ನನ್ನ ಮಗಳು ಫೋನಿನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ ತೋರಿಸಿದಳು. ಇಡೀ ಕೌದಿ ಒಂದೇ ಬೂದಿ ಬಣ್ಣ. ಟೊಮೆಟೊ ಕೆಂಪು, ಎಲೆ ಹಸಿರು, ಬೆಟ್ಟ ಕಂದು, ಆಕಾಶ ನೀಲಿ. ಬಣ್ಣ ಬೇರೆ ಬೇರೆ, ಆದರೆ ಅದರ ಗಾಢತೆ ಎಲ್ಲ ಒಂದೇ. ಅಂಗಡಿಯಲ್ಲಿ ನಾವು ಮ್ಯಾಚಿಂಗ್ ನೋಡುವುದು ಬಣ್ಣಕ್ಕೆ. ಮೆಜೆಂಟಾ ಸೀರೆಗೆ ಮೆಜೆಂಟಾ ದಾರ. ಯಾವುದು ಗಾಢ, ಯಾವುದು ತಿಳಿ ಅಂತ ನಾವು ನೋಡುವುದೇ ಇಲ್ಲ. ದೂರದಿಂದ ನೋಡುವ ಕಣ್ಣಿಗೆ ಆಕಾರ ಸಿಗುವುದು ಮುಖ್ಯವಾಗಿ ಗಾಢ ಮತ್ತು ತಿಳಿಯ ವ್ಯತ್ಯಾಸದಿಂದ. ಅಜ್ಜಿಯ ಬಿಳಿ ಪಂಚೆಯ ಚೌಕ ನನಗೆ ಆಗ ನೆನಪಾಯಿತು.

ಎರಡನೆಯದು ಉಬ್ಬು. ನನ್ನ ಪ್ರೀತಿಯ ಟೊಮೆಟೊ ಮೇಲೆ ಕಾಲಿಂಚಿಗೆ ಒಂದು ಸಾಲು ಮೆಷಿನ್ ಹೊಲಿಗೆ ಹಾಕಿದ್ದೆ. ಆಕಾಶದಲ್ಲಿ ಏನೂ ಇಲ್ಲ ಅಂತ ನಾಲ್ಕು ಇಂಚಿಗೆ ಒಂದು ಸಾಲು. ಹೊಲಿಗೆ ಬಿದ್ದಷ್ಟೂ ಬಟ್ಟೆ ಎಳೆದುಕೊಂಡು ಕುಗ್ಗುತ್ತದೆ. ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಅಗಲವಾಗಿ ಹೊಲಿದರೆ, ಕುಗ್ಗದ ಜಾಗ ಹೋಗುವುದೆಲ್ಲಿಗೆ? ಮೇಲಕ್ಕೆ. ನನ್ನ ಆಕಾಶ ಪೂರಿ ಉಬ್ಬಿದ ಹಾಗೆ ಉಬ್ಬಿತ್ತು. ಇಸ್ತ್ರಿ ಹಾಕಿದರೆ ಇಳಿಯುತ್ತದೆ ಅಂದುಕೊಂಡು ಹಾಕಿದೆ. ನಡುವಿನ ಪದರ ಪಾಲಿಯೆಸ್ಟರ್. ಬಿಸಿಗೆ ಅದು ಅಲ್ಲಲ್ಲಿ ಚಪ್ಪಟೆಯಾಗಿ ಗಟ್ಟಿಯಾಯಿತು. ಉಬ್ಬು ಉಬ್ಬಾಗೇ ಇತ್ತು.

ಇನ್ನು ಬಣ್ಣ ಬಿಟ್ಟಿದ್ದು. ಮರೂನ್ ರೇಷ್ಮೆ ಪಕ್ಕದ ಕೆನೆ ಬಣ್ಣದ ಕಾಟನ್ನಿಗೆ ಇಳಿದು ಗುಡಿಯ ಗೋಪುರ ಗುಲಾಬಿಯಾಯಿತು. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುತ್ತಾರಲ್ಲ, ಅದನ್ನು ನಂಬಿಕೊಂಡಿರಬೇಡಿ. ಕತ್ತರಿಸುವ ಮೊದಲೇ ಒಂದು ಚೂರನ್ನು ಒದ್ದೆ ಮಾಡಿ, ಮೇಲೆ ಬಿಳಿ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಬೇಡ. ಎರಡು ನಿಮಿಷದ ಕೆಲಸ, ಗಿರಾಕಿಗಳ ಬಟ್ಟೆಗೆ ಮಾಡುತ್ತಿದ್ದೆ, ನನ್ನದಕ್ಕೆ ಮಾಡಿಕೊಳ್ಳಲಿಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೂ ಬಿಟ್ಟೆನಾ? ಇಲ್ಲ. ಅರ್ಧ ಬ್ಲೇಡು ಹಿಡಿದು ಆಕಾಶದ ಹೊಲಿಗೆ ಬಿಚ್ಚಲು ಕೂತೆ. ಆಕಾಶಕ್ಕೆ ಹಾಕಿದ್ದು ನೀಲಿ ರೇಷ್ಮೆ. ಕಾಟನ್ನಿನಲ್ಲಿ ಹೊಲಿಗೆ ಬಿಚ್ಚಿದರೆ ತೂತು ಒಂದು ನೀರಿಗೆ ಮುಚ್ಚಿಕೊಳ್ಳುತ್ತದೆ. ರೇಷ್ಮೆಯಲ್ಲಿ ಸೂಜಿ ಹೋದ ಜಾಗ ಹಾಗೇ ಉಳಿಯುತ್ತದೆ. ಒಂದು ಗಂಟೆ ಬಿಚ್ಚಿ ಬೆಳಕಿಗೆ ಹಿಡಿದೆ. ಆಕಾಶದ ತುಂಬ ಸಾಲು ಸಾಲು ಚುಕ್ಕಿ. ಹಗಲು ಹೊತ್ತಿನ ನಕ್ಷತ್ರ ಅಂತ ಮಗಳು ತಮಾಷೆ ಮಾಡಿದಳು. ಅವತ್ತು ಮಡಚಿ ಬೀರುವಿನ ಮೇಲೆ ಇಟ್ಟೆ. ಹೊಲಿಗೆ ಕೆಟ್ಟಿದ್ದರೆ ಬಿಚ್ಚಿ ಸರಿ ಮಾಡುತ್ತಿದ್ದೆ. ಕೆಟ್ಟದ್ದು ಹೊಲಿಗೆಯಲ್ಲ, ಹೊಲಿಯುವ ಮೊದಲೇ ಕೆಟ್ಟಿತ್ತು. ಒಪ್ಪಿಕೊಳ್ಳಲು ನನಗೆ ಆ ಬೇಸಿಗೆ, ಆ ಮಳೆಗಾಲ ಎರಡೂ ಬೇಕಾಯಿತು. ಆ ಮಧ್ಯೆ ಮದುವೆ ಸೀಸನ್ ಬೇರೆ ಇತ್ತು, ಅದೂ ಒಳ್ಳೇದೇ ಆಯಿತು.

ಬೆಂಗಳೂರಿನ ಒಂದು ಕೈಮಗ್ಗದ ಮೇಳಕ್ಕೆ ಹೋಗಿದ್ದಾಗ ಅಲ್ಲಿ ಸಿದ್ದಿ ಹೆಂಗಸೊಬ್ಬರು ಕೂತು ಕೌದಿ ಹೊಲಿಯುತ್ತಿದ್ದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳು. ಅವರ ಹಿರಿಯರು ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದವರು. ಅವರ ಕೌದಿಗೆ ಕವಂದಿ ಅನ್ನುತ್ತಾರೆ. ಒಂದು ಹಳೇ ಸೀರೆ ಹಾಸಿ, ಅದರ ಮೇಲೆ ನೇರವಾಗಿ ಚೂರು ಇಟ್ಟು, ಅಂಚು ಮಡಚಿ ಕೈಹೊಲಿಗೆ ಹಾಕುತ್ತಾರೆ. ತೇಪೆ ಜೋಡಿಸುವುದು, ಪದರ ಹಿಡಿಸುವುದು ಎರಡೂ ಒಂದೇ ಹೊಲಿಗೆಯಲ್ಲಿ ಆಗುತ್ತದೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿದ ಪುಟ್ಟ ತ್ರಿಕೋನ ಇಡುತ್ತಾರೆ. ಅದಕ್ಕೆ ಹೂವು ಅಂತಲೇ ಹೆಸರು.

ನಾನು ನೋಡುತ್ತ ನಿಂತಿದ್ದು ಇನ್ನೊಂದಕ್ಕೆ. ಅವರು ನಡುವಿನಿಂದ ಶುರು ಮಾಡಲಿಲ್ಲ. ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತ ಹಾಕುತ್ತ ಒಳಗೆ ಬರುತ್ತಿದ್ದರು. ನಡುವೆ ಖಾಲಿ ಜಾಗ ಸುತ್ತಿಗೊಮ್ಮೆ ಚಿಕ್ಕದಾಗುತ್ತಿತ್ತು.

ಬಸ್ಸಿನಲ್ಲಿ ವಾಪಸ್ ಬರುವಾಗ ನರಸಾಪುರ ದಾಟಿದ ಮೇಲೆ ಅದು ಹೊಳೆಯಿತು. ಆ ಖಾಲಿ ಜಾಗ ನಾನು ಮೊದಲೇ ನೋಡಿದ್ದೆ. ಬೇಸಿಗೆಯಲ್ಲಿ ನಮ್ಮ ಕೆರೆ ಬತ್ತುವುದು ಹಾಗೇ ತಾನೇ? ಅಂಚಿನಿಂದ ಒಳಗೆ.

ನಮ್ಮ ತಾತ ನೀರಗಂಟಿ. ಕೆರೆ ತೂಬು ಎತ್ತಿ ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುವ ಕೆಲಸ. ತೂಬಿನ ಯಾವ ಕಲ್ಲು ಕಾಣುತ್ತದೆ ಅನ್ನುವುದರ ಮೇಲೆ ಇನ್ನೆಷ್ಟು ದಿನ ನೀರು ಅಂತ ಹೇಳುತ್ತಿದ್ದ. ನಾನು ದೊಡ್ಡವಳಾಗುವಷ್ಟರಲ್ಲಿ ಹೇಳುವುದಕ್ಕೆ ಜಾಸ್ತಿ ಏನೂ ಉಳಿದಿರಲಿಲ್ಲ. ಏರಿ ಮೇಲೆ ನಿಂತು ನೋಡಿದರೆ ಬತ್ತುವ ಕೆರೆ ಬಳೆ ಬಳೆಯಾಗಿ ಕಾಣುತ್ತದೆ. ಹೊರಗಡೆ ಒಣಗಿದ ಹುಲ್ಲು, ಅದರ ಒಳಗೆ ಬಿರುಕು ಬಿಟ್ಟ ತಿಳಿ ಮಣ್ಣು, ಒಳಗೆ ಇನ್ನೂ ತೇವ ಇರುವ ಕಪ್ಪು ಮಣ್ಣು, ಕೊನೆಗೆ ಒಂದಿಷ್ಟು ನೀರು. ಗಾಢ, ತಿಳಿ, ಗಾಢ. ಯಾರೂ ಹೇಳಿಕೊಡಬೇಕಿಲ್ಲ. ಮೊದಲನೇ ಕೌದಿಯಲ್ಲಿ ಹಸುವಿನ ಕಾಲ ಬಳಿ ಅಂಗೈಯಷ್ಟಿತ್ತಲ್ಲ, ಆ ಕೆರೆ. ಅದೊಂದೇ ಸಾಕಿತ್ತು.

ಈ ಸಲ ಹೊಲಿಯುವುದಕ್ಕೆ ಮೊದಲು ನೋಡುವ ವ್ಯವಸ್ಥೆ ಮಾಡಿಕೊಂಡೆ. ಗೋಡೆಗೆ ಹಳೇ ಕಂಬಳಿ ಹೊಡೆದೆ. ಕಾಟನ್ ಚೂರನ್ನು ಅದರ ಮೇಲೆ ಒತ್ತಿದರೆ ಹಾಗೇ ಕಚ್ಚಿಕೊಳ್ಳುತ್ತದೆ, ಬೇಡ ಅನಿಸಿದರೆ ಕಿತ್ತು ಬೇರೆ ಕಡೆ ಇಡಬಹುದು. ರೇಷ್ಮೆ ಜಾರುತ್ತದೆ, ಅದಕ್ಕೆ ಗುಂಡುಪಿನ್ನು. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲಿಗೆ ಹಾಕುವ ಇಣುಕುಗಾಜು ತಂದೆ, ಬಂದವರು ಯಾರು ಅಂತ ನೋಡುತ್ತೇವಲ್ಲ, ಅದು. ಅದರಲ್ಲಿ ನೋಡಿದರೆ ಇಡೀ ಕೌದಿ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ, ದೂರದಲ್ಲಿರುವ ಹಾಗೆ ಕಾಣುತ್ತದೆ. ಸಣ್ಣ ಅಂಗಡಿಯಲ್ಲಿ ಹತ್ತು ಅಡಿ ಹಿಂದೆ ಹೋಗಲು ಜಾಗ ಇಲ್ಲದವರಿಗೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಅದೂ ಇಲ್ಲದಿದ್ದರೆ ಕಣ್ಣು ಅರ್ಧ ಮುಚ್ಚಿ ನೋಡಿ.

ಮೂರು ವಾರ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಚೂರು ಇಡುವುದು, ರಸ್ತೆ ದಾಟುವುದು, ನೋಡುವುದು, ವಾಪಸ್ ಬಂದು ಕೀಳುವುದು. ಜೆರಾಕ್ಸ್ ಅಂಗಡಿಯವರು ನನಗೆ ಏನೋ ಆಗಿದೆ ಅಂದುಕೊಂಡರು.

ಅಷ್ಟು ನೋಡಿದ್ದಕ್ಕೇ ಒಂದು ತಪ್ಪು ಸಿಕ್ಕಿತು. ಮೊದಲು ನೀರನ್ನು ಸರಿಯಾಗಿ ನಡುವೆ ಇಟ್ಟಿದ್ದೆ. ನೋಡಲು ರಂಗೋಲಿಯ ಹಾಗೆ ಚೆನ್ನಾಗಿತ್ತು. ಆದರೆ ಕೆರೆಯಲ್ಲಿ ಕೊನೆಗೆ ನೀರು ಉಳಿಯುವುದು ನಡುವೆ ಅಲ್ಲ, ಏರಿ ಬುಡದಲ್ಲಿ, ತೂಬಿನ ಹತ್ತಿರ. ಆಳ ಇರುವುದು ಅಲ್ಲಿ. ಹಾಗಾಗಿ ನೀರನ್ನು ಕೆಳಕ್ಕೆ ಎಳೆದೆ. ಮೇಲಿನ ಬಳೆಗಳು ಅಗಲವಾದವು, ಕೆಳಗಿನವು ಇರುಕಿದವು. ಬನ್ನಿ, ಹತ್ತಿರ ಬಂದು ನೋಡಿ. ಮೇಲೆ ಒಂದೊಂದು ಚೂರು ನಾಲ್ಕು ಬೆರಳು ಅಗಲ, ಕೆಳಗೆ ಬರುತ್ತ ಒಂದು ಬೆರಳು. ಕಣ್ಣು ತಾನಾಗಿ ಕೆಳಗೆ ಜಾರುತ್ತದೆ. ಸಿದ್ದಿ ಅಕ್ಕನಿಂದ ದಾರಿ ಕಲಿತೆ, ಕೆರೆ ಅದನ್ನು ಸ್ವಲ್ಪ ಓರೆ ಮಾಡಿತು.

ಬಿರುಕಿಗೆ ಏನು ಮಾಡುವುದು ಅಂತ ತುಂಬ ತಲೆ ಕೆಡಿಸಿಕೊಂಡೆ. ಕಪ್ಪು ದಾರದಲ್ಲಿ ಗೆರೆ ಎಳೆದರೆ ಸ್ಕೆಚ್ ಪೆನ್ನಿನ ಹಾಗೆ ಕಾಣುತ್ತಿತ್ತು. ಕೊನೆಗೆ ಕೆಳಗೆ ಕಾಫಿಪುಡಿ ಬಣ್ಣದ ಲೈನಿಂಗ್ ಹಾಸಿ, ಮೇಲೆ ತಿಳಿ ಮಣ್ಣಿನ ಬಣ್ಣದ ಚೂರುಗಳನ್ನು ಒಂದಕ್ಕೊಂದು ತಾಗದ ಹಾಗೆ, ನಡುವೆ ಒಂದು ಗೆರೆಯಷ್ಟು ಸಂದಿ ಬಿಟ್ಟು ಇಟ್ಟೆ. ಆ ಚೂರುಗಳ ಅಂಚು ಮಡಚಿಲ್ಲ. ಹಸಿ ಅಂಚು, ದಾರ ಎದ್ದಿದೆ. ಇಪ್ಪತ್ತೆಂಟು ವರ್ಷದಲ್ಲಿ ನಾನು ಅಂಚು ಹಾಗೇ ಬಿಟ್ಟಿದ್ದು ಇದೇ ಮೊದಲು. ಕೈ ನಡುಗಿತು ಅಂದರೆ ನಂಬಬೇಕು. ಈಗ ಆ ಎದ್ದ ದಾರವೇ ಒಣಮಣ್ಣಿನ ಹೊಪ್ಪಳೆಯ ಹಾಗೆ ಕಾಣುತ್ತದೆ, ಅಲ್ವಾ?

ಹೊಲಿಗೆ ಪೂರ್ತಿ ಕೈಯಲ್ಲಿ. ನಡುವೆ ಪಾಲಿಯೆಸ್ಟರ್ ಇಲ್ಲ, ಹಳೇ ಕಾಟನ್ ಸೀರೆ ಎರಡು ಪದರ. ಮೇಲಿಂದ ಕೆಳಗಿನವರೆಗೂ ಬೆರಳಗಲಕ್ಕೆ ಒಂದು ಸಾಲು, ನೀರಾದರೂ ಅಷ್ಟೇ, ಹುಲ್ಲಾದರೂ ಅಷ್ಟೇ. ಎಲ್ಲೂ ಉಬ್ಬಿಲ್ಲ. ಏರಿಗೆ ಪಕ್ಕದ ಮನೆ ಕಂಡಕ್ಟರ್ ಅಣ್ಣನ ಖಾಕಿ ಪ್ಯಾಂಟು. ಹಿಂದೆ ಅಸ್ತರಿಗೆ ಅಜ್ಜಿಯ ಸೀರೆ. ರೇಷ್ಮೆ ಇರುವುದು ಒಂದೇ ಕಡೆ, ನೀರಿಗೆ, ಅಂಗೈಗಿಂತ ಸ್ವಲ್ಪ ದೊಡ್ಡದು. ಮೂರೂವರೆ ಅಡಿ ಅಗಲ, ಐದು ಅಡಿ ಉದ್ದ. ಏಳು ತಿಂಗಳು ಹಿಡಿಯಿತು.

ಅರ್ಧ ಆಗಿದ್ದಾಗ ನೆರೆಮನೆಯವರು ಕೇಳಿದರು, ಕೆರೆಯಲ್ಲಿ ನೀರಿದೆ, ನೀನು ಒಣಕೆರೆ ಯಾಕೆ ಹೊಲಿಯುತ್ತೀಯ ಅಂತ. ನಿಜ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಆ ನೀರಿನ ಬಗ್ಗೆ ಊರಲ್ಲಿ ಎರಡು ಮಾತಿದೆ, ಅದನ್ನು ಇಲ್ಲಿ ಎತ್ತುವುದಿಲ್ಲ. ನನ್ನ ಕಣ್ಣಲ್ಲಿರುವ ಕೆರೆ ಒಣಗಿದ್ದೇ. ತುಂಬಿದ ಕೆರೆ ಹೊಲಿಯಬೇಕಾದರೆ ಅದನ್ನು ನೋಡಿ ಬೆಳೆದವರು ಹೊಲಿಯಲಿ. ನಿಮ್ಮಲ್ಲೇ ಯಾರಾದರೂ.

ಮುಗಿದ ಮೇಲೆ ಮತ್ತೆ ಅದೇ ಮೊಳೆಗೆ ಹಾಕಿದೆ. ಟೀ ಹುಡುಗ ಲೋಟ ಇಟ್ಟು ನೋಡಿದ. "ಕೆರೆನಾ ಅಕ್ಕ?" ಅಂದ. ಯಾವ ಕೆರೆ ಅಂತಲೂ ಕೇಳಿದ. ಅವತ್ತು ಎರಡು ಟೀ ಕುಡಿದೆ.

(ಮಾತು ಮುಗಿದ ಮೇಲೆ ಹುಡುಗಿಯರು ಸುಮಾರು ಪ್ರಶ್ನೆ ಕೇಳಿದರು. ದಾರ ಯಾವುದು, ಸೂಜಿ ಎಷ್ಟನೇ ನಂಬರು, ಮಾರಿದರೆ ಎಷ್ಟು ಸಿಗುತ್ತದೆ. ಮಾರುವುದಿಲ್ಲ ಅಂದೆ. ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು, "ಆಂಟಿ, ಮೊದಲನೇದನ್ನ ಯಾಕೆ ತರಲಿಲ್ಲ?")

ತರೋಣ ಅಂತಲೇ ಇದ್ದೆ ಕಣಮ್ಮ. ಬೀರುವಿನಿಂದ ಇಳಿಸಿದ ದಿನ ಮೊಮ್ಮಗ ಅದನ್ನು ನೋಡಿಬಿಟ್ಟ. ಮೂರು ವರ್ಷ ಅವನಿಗೆ. ನೆಲದ ಮೇಲೆ ಹಾಸಿ ಅದರ ಮೇಲೆ ಕೂತರೆ ಹಸು, ಮಾವು, ಟೊಮೆಟೊ ಎಲ್ಲ ಕಾಣುತ್ತದೆ, ಅವನ ಕಣ್ಣಿಗೆ ಹತ್ತು ಇಂಚೇ ಅಲ್ವಾ ದೂರ. ಒಂದೊಂದಕ್ಕೂ ಬೆರಳಿಟ್ಟು ಹೆಸರು ಹೇಳುತ್ತಾನೆ. ಮಧ್ಯಾಹ್ನ ಅದರ ಮೇಲೆಯೇ ಮಲಗುತ್ತಾನೆ. ಆಕಾಶ ಉಬ್ಬಿದೆ ಅಂದೆನಲ್ಲ, ಅಲ್ಲಿ ತಲೆ ಇಡುತ್ತಾನೆ. ಇವತ್ತು ನಾನು ಹೊರಡುವಾಗ ನಿದ್ದೆ ಮಾಡುತ್ತಿದ್ದ. ಎಳೆಯಲು ಆಗಲಿಲ್ಲ.